ಇದು ಯಾವ ‘ಟು’?

ಈ ಸಲ ಬಂದ ಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಏಳು ಜನ ಬೇರೆ ಬೇರೆ ಮಾತಿನಲ್ಲಿ ಕೇಳಿರುವುದು ಒಂದೇ ಸಾಲಿನ ಬಗ್ಗೆ. ಇಂಗ್ಲಿಷ್ ಪತ್ರದ ಕೊನೆಯಲ್ಲಿ, ಸಹಿಗೆ ಸ್ವಲ್ಪ ಮೊದಲು ಬರುತ್ತದಲ್ಲ, ‘ಲುಕಿಂಗ್ ಫಾರ್ವರ್ಡ್ ಟು’ ಅಂತ, ಅದೇ ಸಾಲು. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಇವತ್ತು ಇದೊಂದನ್ನೇ ಹಿಡಿದು ಕೂರೋಣ.

ಪ್ರಶ್ನೆ: ಮೇಡಂ, ನನಗೆ ಕೆಲಸದ ಸಂದರ್ಶನಕ್ಕೆ ಕರೆ ಬಂತು. ಥ್ಯಾಂಕ್ಸ್ ಹೇಳಿ ಒಂದು ಮೇಲ್ ಬರೆದು, ಕೊನೆಗೆ ‘ಐ ಆ್ಯಮ್ ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು’ ಎಂದು ಹಾಕಿದೆ. ಕಂಪ್ಯೂಟರ್ ‘ಮೀಟ್’ ಕೆಳಗೆ ಗೆರೆ ಎಳೆದು ‘ಮೀಟಿಂಗ್’ ಮಾಡಿ ಎಂದು ತೋರಿಸಿತು. ‘ಟು’ ಆದಮೇಲೆ ಕ್ರಿಯಾಪದದ ಮೂಲರೂಪವೇ ಬರಬೇಕು, ‘ಟು ಗೋ’, ‘ಟು ಈಟ್’ ಅನ್ನುವ ಹಾಗೆ, ಎಂದು ಶಾಲೆಯಲ್ಲಿ ಕಲಿತಿದ್ದೇನೆ. ‘ಟು ಮೀಟಿಂಗ್’ ಎಂದು ಬರೆದರೆ ನನಗೇ ತಪ್ಪು ಅನ್ನಿಸುತ್ತದೆ. ಯಾವುದು ಸರಿ?

ಉತ್ತರ: ‘ಟು ಮೀಟಿಂಗ್ ಯು’ ಎಂಬುದೇ ಸರಿ. ಹಾಗಂತ ನೀವು ಶಾಲೆಯಲ್ಲಿ ಕಲಿತದ್ದು ಸುಳ್ಳಲ್ಲ. ಅದು ಅರ್ಧ ಪಾಠ, ಅಷ್ಟೆ. ಉಳಿದ ಅರ್ಧವನ್ನು ನಾನು ಕಲಿತ ದಿನ ಇನ್ನೂ ಚೆನ್ನಾಗಿ ನೆನಪಿದೆ.

ನನ್ನ ಮೊದಲ ಕೆಲಸ ಒಂದು ಕಚೇರಿಯ ಟೈಪಿಂಗ್ ವಿಭಾಗದಲ್ಲಿ. ಪತ್ರದ ಸಾರಾಂಶ ಹೇಳುತ್ತಿದ್ದರು, ವಾಕ್ಯಗಳನ್ನು ನಾವೇ ಕಟ್ಟಬೇಕಿತ್ತು. ಒಂದು ಪತ್ರದ ಕೊನೆಗೆ ನಾನೂ ನಿಮ್ಮ ಹಾಗೇ ‘ಟು ಮೀಟ್ ಯು’ ಎಂದು ಹೊಡೆದೆ. ಮೇಲಿನ ಹಾಳೆ, ಅದರ ಕೆಳಗೆ ಎರಡು ಕಾರ್ಬನ್ ಪ್ರತಿ. ನಮ್ಮ ಮೇಲ್ವಿಚಾರಕರು ಓದಿ ವಾಪಸ್ ಕಳಿಸಿದರು. ಪೆನ್ಸಿಲ್‌ನಲ್ಲಿ ಒಂದು ಸುತ್ತು ಹಾಕಿದ್ದರು. ಸುತ್ತು ‘ಮೀಟ್’ ಮೇಲೆ ಇರಲಿಲ್ಲ, ‘ಟು’ ಮೇಲೆ ಇತ್ತು. ಪಕ್ಕದಲ್ಲಿ ಕನ್ನಡದಲ್ಲೇ ಬರೆದಿದ್ದರು: ‘ಇದು ಯಾವ ಟು?’

ನನಗೆ ತಲೆಬುಡ ಅರ್ಥವಾಗಲಿಲ್ಲ. ‘ಟು’ ಅಂದರೆ ‘ಟು’. ಅದರಲ್ಲಿ ಯಾವುದು ಅಂತ ಬೇರೆ ಕೇಳುವುದೇನಿದೆ? ಅವರ ಮೇಜಿನ ಹತ್ತಿರ ಹೋಗಿ ನಿಂತೆ. ಅವರು ಬೈಯಲಿಲ್ಲ. ‘ಅಲ್ಲಿ ಒಂದು ವಸ್ತುವಿನ ಹೆಸರು ಇಟ್ಟು ನೋಡಮ್ಮ’ ಎಂದರು. ನೋಡಿದೆ. ‘ಐ ಲುಕ್ ಫಾರ್ವರ್ಡ್ ಟು ದ ಲೆಟರ್.’ ಸರಿಯಾಗಿ ಕೂತಿತು. ‘ಈಗ ಐ ವಾಂಟ್ ಟು ಎಂದು ಶುರು ಮಾಡಿ, ಅಲ್ಲೂ ಅದನ್ನೇ ಇಡು’ ಎಂದರು. ‘ಐ ವಾಂಟ್ ಟು ದ ಲೆಟರ್.’ ಕೂರಲಿಲ್ಲ. ‘ನೋಡಿದೆಯಾ, ಎರಡು ಟು ಇವೆ’ ಎಂದು ಹೇಳಿ ಮುಂದಿನ ಪತ್ರ ಕೈಗೆತ್ತಿಕೊಂಡರು. ನಾನು ಮೂರೂ ಹಾಳೆಗಳಲ್ಲಿ ಆ ಪದವನ್ನು ಉಜ್ಜಿ ಮತ್ತೆ ಹೊಡೆದೆ. ಆಮೇಲೆ 26 ವರ್ಷ ಪತ್ರ ಬರೆಯುವುದೇ ನನ್ನ ಕಸುಬಾಯಿತು. ಆ ಪ್ರಶ್ನೆಯನ್ನು ಕೇಳಿಕೊಳ್ಳದೆ ಒಂದು ‘ಟು’ ದಾಟಿದ್ದಿಲ್ಲ.

ಒಂದು ‘ಟು’ ಕ್ರಿಯಾಪದಕ್ಕೆ ಅಂಟಿಕೊಂಡೇ ಬರುತ್ತದೆ. ‘ವಾಂಟ್ ಟು ರೀಡ್’, ‘ಅಗ್ರೀ ಟು ಕಮ್’. ಇದು ನೀವು ಶಾಲೆಯಲ್ಲಿ ಕಲಿತದ್ದು. ಇನ್ನೊಂದು ‘ಟು’ ನಮ್ಮ ವಿಭಕ್ತಿ ಪ್ರತ್ಯಯದ ಕೆಲಸ ಮಾಡುತ್ತದೆ. ‘ಕಡೆಗೆ’, ‘ಗೆ’, ‘ಕ್ಕೆ’ ಅನ್ನುವ ಹಾಗೆ. ಅದರ ಮುಂದೆ ಹೆಸರೇ ಬರಬೇಕು, ಕ್ರಿಯಾಪದ ನೇರವಾಗಿ ಬರುವ ಹಾಗಿಲ್ಲ. ಬರಲೇಬೇಕು ಅಂದರೆ ಅದು ಹೆಸರಿನ ವೇಷ ತೊಡಬೇಕು. ಇಂಗ್ಲಿಷಿನಲ್ಲಿ ಆ ವೇಷವೇ ‘ಇಂಗ್’. ‘ಮೀಟ್’ ಎಂಬ ಕೆಲಸ ‘ಮೀಟಿಂಗ್’ ಎಂಬ ಹೆಸರಾಗುತ್ತದೆ. ಕನ್ನಡದಲ್ಲಿ ‘ಭೇಟಿಯಾಗು’ ಎನ್ನುವುದು ‘ಭೇಟಿಯಾಗುವುದು’ ಆಗುವ ಹಾಗೆ.

ಇಲ್ಲಿ ಸ್ವಲ್ಪ ನಿಲ್ಲಿ. ನನಗೆ ತುಂಬಾ ಪ್ರೀತಿಯ ಜಾಗ ಇದು. ಈ ನಿಯಮವನ್ನು ಇಂಗ್ಲಿಷ್ ವ್ಯಾಕರಣದಿಂದ ಬಾಯಿಪಾಠ ಮಾಡುವ ಅಗತ್ಯ ಇಲ್ಲ. ಅದು ನಿಮ್ಮ ಕಿವಿಯಲ್ಲಿ ಮೊದಲೇ ಇದೆ. ಈ ಎರಡು ವಾಕ್ಯಗಳನ್ನು ಗಟ್ಟಿಯಾಗಿ ಓದಿ ನೋಡಿ. ‘ನಿಮ್ಮನ್ನು ಭೇಟಿಯಾಗಲು ಕಾತರಳಾಗಿದ್ದೇನೆ.’ ‘ನಿಮ್ಮನ್ನು ಭೇಟಿಯಾಗುವುದನ್ನು ಎದುರುನೋಡುತ್ತಿದ್ದೇನೆ.’ ಎರಡೂ ಚೆನ್ನಾಗಿವೆ, ಅಲ್ವಾ? ಈಗ ತಿರುವುಮುರುವು ಮಾಡಿ. ‘ಭೇಟಿಯಾಗುವುದನ್ನು ಕಾತರಳಾಗಿದ್ದೇನೆ.’ ಮುರಿದು ಬಿತ್ತು. ‘ಭೇಟಿಯಾಗಲು ಎದುರುನೋಡುತ್ತಿದ್ದೇನೆ’ ಎಂದು ಈಗೀಗ ಕೆಲವರು ಬರೆಯುತ್ತಾರೆ. ಆದರೆ ಕಿವಿ ಕೊಟ್ಟು ಕೇಳಿದರೆ ಅಲ್ಲೊಂದು ಕಲ್ಲು ಸಿಕ್ಕುತ್ತದೆ. ಯಾಕೆಂದರೆ ಎದುರುನೋಡುವುದಕ್ಕೆ ಎದುರಿಗೆ ಏನೋ ಒಂದು ಇರಬೇಕು. ಏನನ್ನು ಎದುರುನೋಡುತ್ತೀರಿ? ಉತ್ತರವನ್ನು. ಮಳೆಯನ್ನು. ಭೇಟಿಯಾಗುವುದನ್ನು. ‘ಅನ್ನು’ ಹಚ್ಚಲು ಬರುವ ಹೆಸರೇ ಬೇಕು. ‘ಭೇಟಿಯಾಗಲು’ ಎನ್ನುವುದಕ್ಕೆ ‘ಅನ್ನು’ ಹತ್ತುವುದಿಲ್ಲ.

ಇಂಗ್ಲಿಷಿನಲ್ಲೂ ಇದೇ ಹಂಚಿಕೆ. ‘ಕಾತರ’ದ ಜಾಗದಲ್ಲಿ ‘ಈಗರ್ ಟು ಮೀಟ್’. ‘ಎದುರುನೋಡು’ವಿನ ಜಾಗದಲ್ಲಿ ‘ಲುಕ್ ಫಾರ್ವರ್ಡ್ ಟು ಮೀಟಿಂಗ್’. ಕನ್ನಡದಲ್ಲಿ ‘ಅಲು’ ಬಂದ ಕಡೆ ಅಲ್ಲಿ ಮೂಲರೂಪ, ‘ವುದು’ ಬಂದ ಕಡೆ ಅಲ್ಲಿ ‘ಇಂಗ್’. ಎಲ್ಲ ಕಡೆ ಕಣ್ಣು ಮುಚ್ಚಿ ನಂಬುವ ಸೂತ್ರ ಅಲ್ಲ ಇದು, ಆದರೆ ಈ ‘ಟು’ವಿನ ವಿಷಯದಲ್ಲಿ ಕೈ ಬಿಡುವುದು ಬಹಳ ಕಡಿಮೆ. ‘ಬೇಗ ಏಳುವುದಕ್ಕೆ ಒಗ್ಗಿಹೋಗಿದ್ದೇನೆ’ ಅನ್ನುತ್ತೇವೆ. ‘ಏಳಲು ಒಗ್ಗಿಹೋಗಿದ್ದೇನೆ’ ಅನ್ನುವುದಿಲ್ಲ. ಹಾಗಾಗಿ ‘ಐ ಆ್ಯಮ್ ಯೂಸ್ಡ್ ಟು ಗೆಟಿಂಗ್ ಅಪ್ ಅರ್ಲಿ’. ‘ಹಾಡುವುದರ ಜೊತೆಗೆ’ ಅನ್ನುತ್ತೇವೆ, ‘ಹಾಡಲು ಜೊತೆಗೆ’ ಅನ್ನಲು ಬಾಯೇ ಬರುವುದಿಲ್ಲ. ಹಾಗಾಗಿ ‘ಇನ್ ಅಡಿಷನ್ ಟು ಸಿಂಗಿಂಗ್’. ‘ಅವರು ಬೆಲೆ ಏರಿಸುವುದಕ್ಕೆ ಆಕ್ಷೇಪ ಎತ್ತಿದರು’ ಎಂದರೆ ‘ಆಬ್ಜೆಕ್ಟೆಡ್ ಟು ರೈಸಿಂಗ್ ದ ಪ್ರೈಸ್’. ಆದರೆ ‘ಬರಲು ಒಪ್ಪಿದರು’ ಎಂದರೆ ‘ಅಗ್ರೀಡ್ ಟು ಕಮ್’. ಇಲ್ಲಿ ‘ಅಲು’ ಇದೆ, ಹಾಗಾಗಿ ‘ಇಂಗ್’ ಇಲ್ಲ.

ಒಂದೇ ಒಂದು ಕಡೆ ಎಚ್ಚರ ಬೇಕು. ‘ಓದುವುದಕ್ಕೆ’ ಎನ್ನುವ ರೂಪ ಎರಡು ದೋಣಿಯಲ್ಲೂ ಕಾಲಿಡುತ್ತದೆ. ‘ಓದುವುದಕ್ಕೆ ಬಂದೆ’ ಎಂದೂ ಹೇಳುತ್ತೇವೆ, ‘ಓದುವುದಕ್ಕೆ ಒಗ್ಗಿಕೊಂಡೆ’ ಎಂದೂ ಹೇಳುತ್ತೇವೆ. ಅನುಮಾನ ಬಂದರೆ ಅದನ್ನು ‘ಓದಲು’ ಎಂದು ಬದಲಿಸಿ ನೋಡಿ. ‘ಓದಲು ಬಂದೆ’ ನಡೆಯುತ್ತದೆ, ಆದ್ದರಿಂದ ‘ಕೇಮ್ ಟು ರೀಡ್’. ‘ಓದಲು ಒಗ್ಗಿಕೊಂಡೆ’ ಎಡವುತ್ತದೆ, ಆದ್ದರಿಂದ ‘ಗಾಟ್ ಯೂಸ್ಡ್ ಟು ರೀಡಿಂಗ್’.

ಒಂದೇ ಪದ ಎರಡು ಕೆಲಸ ಯಾಕೆ ಹೊತ್ತುಕೊಂಡಿತು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎರಡೂ ಒಂದೇ ಬಳ್ಳಿಯ ಕಾಯಿಗಳು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ‘ಕುಡಿಯಲು’ ಎನ್ನುವುದಕ್ಕೆ ‘ಡ್ರಿಂಕನ್’ ಎನ್ನುತ್ತಿದ್ದರು. ಆಗ ಅದರ ಹಿಂದೆ ‘ಟು’ ಬೇಕಿರಲಿಲ್ಲ, ಕೊನೆಯ ‘ಅನ್’ ಪ್ರತ್ಯಯವೇ ಸಾಕಿತ್ತು. ‘ಕುಡಿಯುವುದಕ್ಕೆ’, ಅಂದರೆ ಕುಡಿಯುವ ಉದ್ದೇಶಕ್ಕೆ, ಎಂದು ಹೇಳುವಾಗ ಸಾಮಾನ್ಯವಾಗಿ ‘ಟು’ ಸೇರಿಸಿ ‘ಟೋ ಡ್ರಿಂಕೆನ್ನೆ’ ಎನ್ನುತ್ತಿದ್ದರು. ಅಲ್ಲಿ ‘ಟು’ ನಮ್ಮ ‘ಕ್ಕೆ’ಯೇ. 1100ರ ನಂತರದ ಶತಮಾನಗಳಲ್ಲಿ ಆ ಪ್ರತ್ಯಯಗಳೆಲ್ಲ ಜನರ ಬಾಯಲ್ಲಿ ಸವೆದು ಹೋದವು. ಉಳಿದದ್ದು ಬರಿಯ ‘ಡ್ರಿಂಕ್’ ಮತ್ತು ಅದರ ಹಿಂದೆ ನಿಂತ ‘ಟು’. ನಿಧಾನವಾಗಿ ‘ಟು’ವಿಗೆ ‘ಕ್ಕೆ’ ಎಂಬ ಅರ್ಥವೇ ಕಳೆದುಹೋಗಿ, ಅದು ಕ್ರಿಯಾಪದದ ಗುರುತಾಯಿತು. ಬೇರೆ ಕಡೆಗಳಲ್ಲಿ ಮಾತ್ರ ‘ಕ್ಕೆ’ ಆಗಿಯೇ ಉಳಿಯಿತು. ನಮ್ಮಲ್ಲೂ ಹೀಗೇ ಆಗುತ್ತಿರುವುದನ್ನು ಗಮನಿಸಿದ್ದೀರಾ? ‘ಓದುವುದಕ್ಕೆ’ ಎನ್ನುವುದು ಸವೆದು ‘ಓದೋಕೆ’ ಆಗಿದೆ. ‘ನಂಗೆ ಓದೋಕೆ ಬರುತ್ತೆ’ ಅನ್ನುವಾಗ ಅದರೊಳಗೆ ‘ಕ್ಕೆ’ ಇದೆ ಎಂದು ಯಾರಿಗೂ ಅನ್ನಿಸುವುದೇ ಇಲ್ಲ.

ನಿಮ್ಮ ವಾಕ್ಯಕ್ಕೆ ವಾಪಸ್ ಬರುತ್ತೇನೆ. ‘ಐ ಆ್ಯಮ್ ಲುಕಿಂಗ್ ಫಾರ್ವರ್ಡ್ ಟು ಮೀಟಿಂಗ್ ಯು.’ ಹೀಗೇ ಕಳಿಸಿ. ಮೊದಲ ಕೆಲವು ಸಲ ‘ಲುಕಿಂಗ್’, ‘ಮೀಟಿಂಗ್’ ಎಂದು ಎರಡೆರಡು ‘ಇಂಗ್’ ಕಿವಿಗೆ ತಾಗಬಹುದು. ತಾಗಲಿ ಬಿಡಿ. ಎರಡರ ಕೆಲಸ ಬೇರೆ ಬೇರೆ.

ಪ್ರಶ್ನೆ: ನೀವು ಹೇಳುವ ‘ಯೂಸ್ಡ್ ಟು’ ನನಗೆ ಯಾವಾಗಲೂ ಗೊಂದಲ. ‘ಯೂಸ್ಡ್ ಟು ರೀಡ್’ ಎಂದೂ ಪುಸ್ತಕಗಳಲ್ಲಿ ಓದಿದ್ದೇನೆ. ಅದು ತಪ್ಪೇ?

ಉತ್ತರ: ತಪ್ಪಲ್ಲ. ಅರ್ಥ ಬೇರೆ. ‘ಐ ಯೂಸ್ಡ್ ಟು ರೀಡ್ ಅಟ್ ನೈಟ್’ ಎಂದರೆ ‘ಮುಂಚೆ ರಾತ್ರಿ ಹೊತ್ತು ಓದುತ್ತಿದ್ದೆ’. ಈಗ ಇಲ್ಲ ಎಂಬ ಧ್ವನಿ ಅದರಲ್ಲಿದೆ. ‘ಐ ಆ್ಯಮ್ ಯೂಸ್ಡ್ ಟು ರೀಡಿಂಗ್ ಅಟ್ ನೈಟ್’ ಎಂದರೆ ‘ರಾತ್ರಿ ಓದಿ ರೂಢಿಯಾಗಿದೆ’. ಮೂರನೆಯದೂ ಒಂದಿದೆ. ‘ದಿಸ್ ಲ್ಯಾಂಪ್ ಈಸ್ ಯೂಸ್ಡ್ ಟು ರೀಡ್ ಅಟ್ ನೈಟ್’ ಎಂದರೆ ರಾತ್ರಿ ಓದಲು ಈ ದೀಪ ಬಳಸುತ್ತಾರೆ ಎಂದು. ಹಿಂದೆ ‘ಆ್ಯಮ್’, ‘ಈಸ್’, ‘ಗಾಟ್’ ಇಂಥದ್ದು ಇದೆಯೋ ಇಲ್ಲವೋ ಮೊದಲು ನೋಡಿ. ಇಲ್ಲದಿದ್ದರೆ ಅದು ಹಳೆಯ ರೂಢಿಯ ಮಾತು, ಮೂಲರೂಪವೇ ಸರಿ. ಇದ್ದರೆ ನಮ್ಮ ಮೇಲ್ವಿಚಾರಕರ ಪ್ರಶ್ನೆ ಕೇಳಿ, ಯಾವ ‘ಟು’ ಎಂದು.

‘ರೂಢಿಯಾಗಿದೆ’ ಎಂಬ ಅರ್ಥದ್ದೇ ಆದ ‘ಅಕಸ್ಟಮ್ಡ್ ಟು’ ಆದಮೇಲೆ ಹಳೆಯ ಪುಸ್ತಕಗಳಲ್ಲಿ ಮೂಲರೂಪವೇ ಸಿಕ್ಕಬಹುದು. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ‘ಅಕಸ್ಟಮ್ಡ್ ಟು ಡೂ ಈವಿಲ್’ ಎಂದೇ ಇದೆ. ಅಂದಿಗೆ ಅದು ಸರಿ. ಇಂದು ಬರೆಯುವಾಗ ‘ಅಕಸ್ಟಮ್ಡ್ ಟು ಡೂಯಿಂಗ್’ ಎಂದೇ ಬರೆಯಿರಿ.

ಪ್ರಶ್ನೆ: ನಾನು ಯಾವಾಗಲೂ ‘ಲುಕಿಂಗ್ ಫಾರ್ವರ್ಡ್ ಫಾರ್ ಯುವರ್ ರಿಪ್ಲೈ’ ಎಂದು ಬರೆಯುತ್ತೇನೆ. ಹೊಸದಾಗಿ ಬಂದ ಸಹೋದ್ಯೋಗಿ ಅದು ತಪ್ಪು ಎಂದಳು. ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ‘ಉತ್ತರಕ್ಕಾಗಿ’ ಎಂದರೆ ‘ಫಾರ್’ ತಾನೇ?

ಉತ್ತರ: ನಿಮ್ಮ ಸಹೋದ್ಯೋಗಿ ಹೇಳಿದ್ದು ನಿಜ. ಹೇಳುವ ಧೈರ್ಯ ಮಾಡಿದಳಲ್ಲ, ಒಳ್ಳೆಯದೇ ಆಯಿತು. ಆದರೆ ನಿಮ್ಮ ತಪ್ಪು ಎಲ್ಲಿಂದ ಬಂತು ಎಂದು ನನಗೆ ಗೊತ್ತು. ನಿಮ್ಮ ಮನಸ್ಸಿನಲ್ಲಿ ಓಡುತ್ತಿರುವುದು ‘ಉತ್ತರಕ್ಕಾಗಿ ಕಾಯುತ್ತಿದ್ದೇನೆ’ ಎಂಬ ವಾಕ್ಯ. ಕಾಯುವುದಾದರೆ ‘ಫಾರ್’ ಸರಿಯೇ. ‘ವೇಟಿಂಗ್ ಫಾರ್ ಯುವರ್ ರಿಪ್ಲೈ’. ಹುಡುಕುವುದಾದರೂ ‘ಫಾರ್’ ಸರಿ. ‘ಲುಕಿಂಗ್ ಫಾರ್ ಮೈ ಪೆನ್’. ಈ ಎರಡು ಪದಗುಚ್ಛ ಸೇರಿಕೊಂಡು ಮೂರನೆಯದನ್ನು ಕೆಡಿಸುತ್ತವೆ. ‘ಲುಕ್ ಫಾರ್ವರ್ಡ್’ ಕಾಯುವುದೂ ಅಲ್ಲ, ಹುಡುಕುವುದೂ ಅಲ್ಲ. ಅದು ಮುಂದಕ್ಕೆ ನೋಡುವುದು. ಎತ್ತ ಕಡೆಗೆ? ಉತ್ತರದ ಕಡೆಗೆ. ‘ಕಡೆಗೆ’ ಎನ್ನುವುದಕ್ಕೆ ‘ಟು’.

ಕನ್ನಡದ ‘ಎದುರುನೋಡು’ ಎಂಬ ಪದವನ್ನು ಒಂದು ಸಲ ಬಿಡಿಸಿ ನೋಡಿ. ಎದುರು, ನೋಡು. ಬರುವುದರ ದಿಕ್ಕಿಗೆ ಮುಖ ಮಾಡಿ ನೋಡುತ್ತಾ ನಿಂತ ಚಿತ್ರ. ‘ಲುಕ್’, ‘ಫಾರ್ವರ್ಡ್’ ಕೂಡ ಅದೇ ಚಿತ್ರ. ಎಲ್ಲೋ ದೂರದ ಎರಡು ಭಾಷೆಗಳು ಒಂದೇ ಭಂಗಿಯನ್ನು ಕಂಡಿವೆ. ವ್ಯತ್ಯಾಸ ಇಷ್ಟೇ. ನಮ್ಮ ‘ಎದುರುನೋಡು’ ‘ಅನ್ನು’ ಕೇಳುತ್ತದೆ, ಅವರ ‘ಲುಕ್ ಫಾರ್ವರ್ಡ್’ ‘ಟು’ ಕೇಳುತ್ತದೆ. ‘ಅನ್ನು’ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಬೇರೆ ಪದವೇ ಇರುವುದಿಲ್ಲ. ಹಾಗಾಗಿ ಕೆಲವರು ‘ಲುಕಿಂಗ್ ಫಾರ್ವರ್ಡ್ ಯುವರ್ ರಿಪ್ಲೈ’ ಎಂದು ‘ಟು’ ಪೂರ್ತಿ ಬಿಟ್ಟುಬಿಡುತ್ತಾರೆ. ಅದೂ ಸರಿಯಲ್ಲ. ‘ಟು’ ಬೇಡವೇ ಬೇಡ ಎಂದರೆ ‘ಐ ಅವೇಟ್ ಯುವರ್ ರಿಪ್ಲೈ’ ಎನ್ನಬಹುದು. ಅದಕ್ಕೆ ‘ಫಾರ್’ ಕೂಡ ಬೇಡ. ಸ್ವಲ್ಪ ಬಿಗಿಯಾದ ಮಾತು, ಸ್ನೇಹಿತರಿಗೆ ಹೊಂದುವುದಿಲ್ಲ.

ಪ್ರಶ್ನೆ: ‘ಐ ಲುಕ್ ಫಾರ್ವರ್ಡ್’ ಎಂದು ಬರೆಯಬೇಕೇ, ‘ಐ ಆ್ಯಮ್ ಲುಕಿಂಗ್ ಫಾರ್ವರ್ಡ್’ ಎಂದೇ, ಅಥವಾ ಸುಮ್ನೆ ‘ಲುಕಿಂಗ್ ಫಾರ್ವರ್ಡ್’ ಎಂದೇ? ಮೂರನ್ನೂ ನೋಡಿದ್ದೇನೆ. ಕೆಲಸದ ಅರ್ಜಿಗೆ ಯಾವುದು ವಾಸಿ?

ಉತ್ತರ: ಮೂರೂ ನಡೆಯುತ್ತವೆ. ಮೂರರ ಹದ ಬೇರೆ. ‘ಐ ಲುಕ್ ಫಾರ್ವರ್ಡ್ ಟು’ ಇಸ್ತ್ರಿ ಮಾಡಿದ ಅಂಗಿಯ ಹಾಗೆ. ಅರ್ಜಿ, ಕಚೇರಿ ಪತ್ರ, ಪರಿಚಯ ಇಲ್ಲದವರಿಗೆ ಬರೆಯುವ ಮಾತು ಎಲ್ಲಕ್ಕೂ ಹೊಂದುತ್ತದೆ. ‘ಐ ಆ್ಯಮ್ ಲುಕಿಂಗ್ ಫಾರ್ವರ್ಡ್ ಟು’ ಸ್ವಲ್ಪ ಬೆಚ್ಚಗೆ, ಹತ್ತಿರದ ಮಾತು. ಸ್ನೇಹಿತರಿಗೆ, ಆಗಲೇ ಮಾತಾಡಿ ಪರಿಚಯವಾದವರಿಗೆ. ಸುಮ್ನೆ ‘ಲುಕಿಂಗ್ ಫಾರ್ವರ್ಡ್ ಟು’ ಎಂಬುದು ಅವಸರದ ಮೇಲ್‌ಗಳಿಗೆ.

ಈ ಮೂರನೆಯದಕ್ಕೆ ಒಂದು ಹಿನ್ನೆಲೆ ಇದೆ. ಹಿಂದೆ ಪತ್ರದ ಕೊನೆಯನ್ನು ಒಂದೇ ಉದ್ದ ವಾಕ್ಯವಾಗಿ ಹೆಣೆಯುತ್ತಿದ್ದರು. ‘ಲುಕಿಂಗ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು, ಐ ರಿಮೇನ್, ಯುವರ್ಸ್ ಫೇತ್‌ಫುಲ್ಲಿ’ ಎಂದು ಬರೆದು ಕೆಳಗೆ ಸಹಿ. ‘ನಿಮ್ಮ ಉತ್ತರವನ್ನು ಎದುರುನೋಡುತ್ತಾ, ಇತಿ ನಿಮ್ಮ ವಿಶ್ವಾಸಿ’ ಎಂದು ನಾವೂ ಕನ್ನಡದಲ್ಲಿ ಮುಗಿಸುತ್ತೇವಲ್ಲ, ಹಾಗೇ. ನಾನು ಕೆಲಸಕ್ಕೆ ಸೇರಿದಾಗ ಹಿರಿಯರು ಇನ್ನೂ ಹಾಗೇ ಬರೆಸುತ್ತಿದ್ದರು. ಆಮೇಲೆ ‘ಐ ರಿಮೇನ್’ ಉದುರಿಹೋಯಿತು. ಅದಕ್ಕಿಂತ ಮೊದಲಿನ ತುಂಡು ಮಾತ್ರ ಉಳಿಯಿತು. ಆ ತುಂಡಿಗೆ ಈಗ ಕರ್ತೃವೂ ಇಲ್ಲ, ಪೂರ್ಣ ಕ್ರಿಯಾಪದವೂ ಇಲ್ಲ. ಮೇಲ್‌ಗಳಲ್ಲಿ ಎಲ್ಲರೂ ಒಪ್ಪಿಕೊಂಡಿದ್ದಾರೆ, ಮುಂದೆ ಫುಲ್‌ಸ್ಟಾಪ್ ಇಟ್ಟು ಮುಗಿಸಿದರೆ ಯಾರೂ ತಪ್ಪು ಎನ್ನುವುದಿಲ್ಲ. ಆದರೂ ಅರ್ಜಿಗೆ ಪೂರ್ತಿ ವಾಕ್ಯವನ್ನೇ ಬರೆಯಿರಿ ಎನ್ನುತ್ತೇನೆ. ಒಂದು ‘ಐ’ ಸೇರಿಸಿ ‘ಐ ಲುಕ್’ ಎನ್ನಲು ಎಷ್ಟು ಹೊತ್ತು ಬೇಕು?

ರೂಪಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಯಾವುದನ್ನು ಎದುರುನೋಡುತ್ತೀರಿ ಎನ್ನುವುದು. ‘ಲುಕ್ ಫಾರ್ವರ್ಡ್ ಟು’ ಎಂದರೆ ಅದು ಆಗುತ್ತದೆ ಎಂದು ನೀವು ಹಿಡಿದುಕೊಂಡ ಹಾಗೆ. ಅರ್ಜಿಯಲ್ಲಿ ‘ಐ ಲುಕ್ ಫಾರ್ವರ್ಡ್ ಟು ವರ್ಕಿಂಗ್ ವಿತ್ ಯು’ ಎಂದು ಬರೆದರೆ ವ್ಯಾಕರಣ ಶುದ್ಧ. ಆದರೆ ಕೆಲಸ ಆಗಲೇ ಸಿಕ್ಕಿದವರ ಮಾತದು. ಓದುವವರಿಗೆ ಇರಿಸುಮುರಿಸು. ಅರ್ಜಿ ಹಾಕುವವರು ‘ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು’ ಎಂದರೆ ಸಾಕು. ಉತ್ತರ ಬರಬಹುದು ಎಂದು ನಂಬುವುದು ಯಾರಿಗೂ ಅತಿ ಅನ್ನಿಸುವುದಿಲ್ಲ. ಭೇಟಿಯ ಮಾತು ತೆಗೆಯಲೇಬೇಕು ಎಂದರೆ ‘ಐ ವುಡ್ ವೆಲ್ಕಮ್ ದ ಚಾನ್ಸ್ ಟು ಮೀಟ್ ಯು’ ಎನ್ನಿ. ನೋಡಿ, ಇಲ್ಲಿ ‘ಟು ಮೀಟ್’ ಬಂತು. ‘ಭೇಟಿಯಾಗಲು ಅವಕಾಶ’. ‘ಅಲು’ ಇದೆ. ಈಗ ನಿಮ್ಮ ಕಿವಿಯೇ ಹೇಳಿರಬೇಕು.

ಇನ್ನು ‘ಈಗರ್ಲಿ’, ‘ಅಟ್ ದ ಅರ್ಲಿಯಸ್ಟ್’ ಇವನ್ನೆಲ್ಲ ಈ ಸಾಲಿಗೆ ತುರುಕಬೇಡಿ. ಮೊದಲನೆಯದು ಜಾಸ್ತಿ ಆಯಿತು, ಎರಡನೆಯದು ಒತ್ತಡ ಹಾಕಿದ ಹಾಗೆ ಕೇಳುತ್ತದೆ. ನಿಜವಾಗಿಯೂ ಇಂಥ ದಿನದೊಳಗೆ ಎಂದು ಉತ್ತರ ಬೇಕಿದ್ದರೆ ಆ ದಿನವನ್ನೇ ಹೇಳಿ, ಕಾರಣವನ್ನೂ ಹೇಳಿ. ಅದಕ್ಕೆ ಬೇರೆ ವಾಕ್ಯ ಬರೆಯಿರಿ.

ಪ್ರಶ್ನೆ: ಇದನ್ನು ಕೇಳಲು ಸಂಕೋಚ. ನಮ್ಮ ತಂದೆಯ ಸ್ನೇಹಿತರು ತೀರಿಕೊಂಡಾಗ ಅವರ ಮಗನಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದೆ. ಅಂತ್ಯಕ್ರಿಯೆಗೆ ಬರುತ್ತೇನೆ ಎಂದು ತಿಳಿಸಲು ‘ಐ ಆ್ಯಮ್ ಲುಕಿಂಗ್ ಫಾರ್ವರ್ಡ್ ಟು ಅಟೆಂಡಿಂಗ್ ದ ಫ್ಯೂನರಲ್’ ಎಂದು ಬರೆದೆ. ಆಮೇಲೆ ನನ್ನ ಅಕ್ಕ ನೋಡಿ ಗಾಬರಿಯಾದಳು. ‘ಇಂಗ್’ ಹಾಕಿದ್ದೇನಲ್ಲ, ಏನು ತಪ್ಪು?

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಸಂಕೋಚ ಬೇಡ. ವ್ಯಾಕರಣದಲ್ಲಿ ಒಂದು ಚುಕ್ಕೆಯ ತಪ್ಪೂ ಇಲ್ಲ. ತಪ್ಪಿರುವುದು ಅರ್ಥದಲ್ಲಿ. ‘ಲುಕ್ ಫಾರ್ವರ್ಡ್ ಟು’ ಎಂದರೆ ಬರಿಯ ಕಾಯುವುದಲ್ಲ, ಸಂತೋಷದಿಂದ ಕಾಯುವುದು. ಹಬ್ಬ, ರಜೆ, ಮಗು ಹುಟ್ಟುವುದು, ಗೆಳತಿಯ ಪತ್ರ, ಇಂಥವಕ್ಕೆ ಅದು. ಹಾಗಾಗಿ ನಿಮ್ಮ ವಾಕ್ಯ ‘ಅಂತ್ಯಕ್ರಿಯೆ ಯಾವಾಗ ಬರುತ್ತದೋ ಎಂದು ಖುಷಿಯಿಂದ ಕಾಯುತ್ತಿದ್ದೇನೆ’ ಎಂದು ಹೇಳಿಬಿಟ್ಟಿದೆ.

ನೀವು ಎಡವಿದ್ದು ಯಾಕೆ ಎಂದು ನನಗೆ ಅರ್ಥವಾಗುತ್ತದೆ. ನಮ್ಮ ‘ನಿರೀಕ್ಷಿಸು’ ಎರಡೂ ಕಡೆ ಸಲ್ಲುತ್ತದೆ. ಸಿಹಿ ಸುದ್ದಿಯನ್ನೂ ನಿರೀಕ್ಷಿಸುತ್ತೇವೆ, ಕೆಟ್ಟ ಸುದ್ದಿಯನ್ನೂ ನಿರೀಕ್ಷಿಸುತ್ತೇವೆ. ನಿಘಂಟು ತೆಗೆದರೆ ಇಂಗ್ಲಿಷಿನ ನಾಲ್ಕು ಮಾತಿಗೂ ಅದೊಂದೇ ಅರ್ಥ ಸಿಕ್ಕಬಹುದು. ಆದರೆ ಆ ನಾಲ್ಕೂ ಒಂದೇ ಅಲ್ಲ. ‘ಎಕ್ಸ್‌ಪೆಕ್ಟ್’ ಎಂದರೆ ಆಗುತ್ತದೆ ಎಂದು ಎಣಿಸುವುದು. ಅದರಲ್ಲಿ ಖುಷಿಯೂ ಇಲ್ಲ, ದುಃಖವೂ ಇಲ್ಲ. ಪತ್ರದಲ್ಲಿ ‘ಐ ಎಕ್ಸ್‌ಪೆಕ್ಟ್ ಯುವರ್ ರಿಪ್ಲೈ’ ಎಂದರೆ ಮೇಲಧಿಕಾರಿ ಆಜ್ಞೆ ಮಾಡಿದ ಹಾಗೆ ಕೇಳುತ್ತದೆ. ‘ವೇಟ್’ ಎಂದರೆ ಹೊತ್ತು ಕಳೆಯುತ್ತಾ ಕಾಯುವುದು. ‘ಹೋಪ್’ ಎಂದರೆ ಆಗಲಿ ಎಂಬ ಆಸೆ, ಆಗುತ್ತದೋ ಇಲ್ಲವೋ ಗೊತ್ತಿಲ್ಲ. ‘ಲುಕ್ ಫಾರ್ವರ್ಡ್ ಟು’ ಒಂದರಲ್ಲೇ ಆಗುತ್ತದೆ ಎಂಬ ನಂಬಿಕೆಯೂ ಇದೆ, ಆಗುವುದು ಇಷ್ಟ ಎಂಬ ಭಾವವೂ ಇದೆ.

ಅಂಥ ಪತ್ರಕ್ಕೆ ‘ಐ ವಿಲ್ ಬಿ ದೇರ್’ ಎಂಬ ನಾಲ್ಕೇ ಪದ ಸಾಕಿತ್ತು. ‘ನಾನು ಬರುತ್ತೇನೆ.’ ದುಃಖದಲ್ಲಿರುವವರಿಗೆ ಅದಕ್ಕಿಂತ ಹೆಚ್ಚಿನ ಮಾತು ಬೇಕಿಲ್ಲ. ಈಗ ಏನು ಮಾಡಲಿ ಎಂದು ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಆ ಹುಡುಗನಿಗೆ ಒಂದು ಫೋನ್ ಮಾಡಿ. ಪದ ತಪ್ಪಿತು, ನನ್ನ ಮನಸ್ಸಿನಲ್ಲಿದ್ದದ್ದು ಅದಲ್ಲ ಎಂದು ನೇರವಾಗಿ ಹೇಳಿ. ಕನ್ನಡದಲ್ಲೇ ಹೇಳಿ.

ಪ್ರಶ್ನೆ: ‘ಲುಕಿಂಗ್ ಫಾರ್ವರ್ಡ್ ಟು ಯು ಕಮಿಂಗ್’ ಸರಿಯೋ, ‘ಟು ಯುವರ್ ಕಮಿಂಗ್’ ಸರಿಯೋ? ನಮ್ಮ ಮನೆಯಲ್ಲಿ ಇದರ ಮೇಲೆ ದೊಡ್ಡ ವಾದವೇ ಆಗಿದೆ.

ಉತ್ತರ: ನಿಮ್ಮ ಮನೆಯ ವಾದ ನೂರು ವರ್ಷಕ್ಕಿಂತ ಹಳೆಯದು. 1906ರಲ್ಲಿ, ಇಂಗ್ಲಿಷ್ ಬಳಕೆಯ ಬಗ್ಗೆ ಪುಸ್ತಕ ಬರೆದ ಇಂಗ್ಲೆಂಡಿನ ಫೌಲರ್ ಸಹೋದರರು ‘ಯು ಕಮಿಂಗ್’ ಎಂಬ ಬಗೆಯ ಬಳಕೆಗೆ ‘ಫ್ಯೂಸ್ಡ್ ಪಾರ್ಟಿಸಿಪಲ್’, ಅಂದರೆ ಬೆಸೆದುಕೊಂಡ ಕೃದಂತ, ಎಂದು ಹೆಸರಿಟ್ಟು, ಅದು ಕೂಡದು ಎಂದು ಬರೆದರು. ‘ಯುವರ್ ಕಮಿಂಗ್’ ಎಂದೇ ಆಗಬೇಕು, ಏಕೆಂದರೆ ‘ಕಮಿಂಗ್’ ಹೆಸರು, ಹೆಸರಿಗೆ ‘ಯುವರ್’ ಎಂಬ ಷಷ್ಠಿಯೇ ಸೇರಬೇಕು ಎಂಬುದು ಅವರ ವಾದ. ಡೆನ್ಮಾರ್ಕಿನ ಯೆಸ್ಪರ್ಸನ್ ಎಂಬ ದೊಡ್ಡ ವಿದ್ವಾಂಸರು ಇದನ್ನು ಒಪ್ಪಲಿಲ್ಲ. ಒಳ್ಳೆಯ ಲೇಖಕರು ಹಿಂದಿನಿಂದಲೂ ಹಾಗೆ ಬರೆಯುತ್ತಾ ಬಂದಿದ್ದಾರೆ ಎಂದು ಉದಾಹರಣೆಗಳನ್ನು ಮುಂದಿಟ್ಟರು. ಇಂದು ಎರಡೂ ಬಳಕೆಯಲ್ಲಿವೆ. ‘ಯುವರ್’ ಸ್ವಲ್ಪ ಗಂಭೀರ, ‘ಯು’ ಮಾತಿಗೆ ಹತ್ತಿರ.

ಕನ್ನಡದಲ್ಲಿ ಎರಡನ್ನೂ ಜಗಳವಿಲ್ಲದೆ ಇಟ್ಟುಕೊಂಡಿದ್ದೇವೆ. ‘ನೀವು ಬರುವುದನ್ನು ಎದುರುನೋಡುತ್ತೇನೆ.’ ಇಲ್ಲಿ ‘ನೀವು’ ಇದೆ. ‘ನಿಮ್ಮ ಬರವನ್ನು ಎದುರುನೋಡುತ್ತೇನೆ.’ ಇಲ್ಲಿ ‘ನಿಮ್ಮ’ ಇದೆ. ಮೊದಲನೆಯದರಲ್ಲಿ ಬರುವುದು ಇನ್ನೂ ಅರ್ಧ ಕ್ರಿಯೆ, ಅದಕ್ಕೆ ಕರ್ತೃ ಬೇಕು. ಎರಡನೆಯದರಲ್ಲಿ ‘ಬರವು’ ಪೂರ್ತಿ ಹೆಸರಾಗಿದೆ, ಅದಕ್ಕೆ ‘ನಿಮ್ಮ’ ಬೇಕು. ಇಂಗ್ಲಿಷಿನ ‘ಕಮಿಂಗ್’ ಒಂದೇ ಪದ ಈ ಎರಡೂ ಆಗಬಲ್ಲದು. ಅದಕ್ಕೇ ಅಲ್ಲಿ ಜಗಳ. ಕಚೇರಿ ಪತ್ರದಲ್ಲಿ ‘ಯುವರ್’ ಬರೆಯಿರಿ, ತಂಗಿಗೆ ಬರೆಯುವಾಗ ‘ಯು’ ಬರೆಯಿರಿ. ಮನೆಯಲ್ಲಿ ಇಬ್ಬರೂ ಗೆದ್ದರು ಎಂದು ಹೇಳಿಬಿಡಿ.

ಪ್ರಶ್ನೆ: ‘ಹಿಯರಿಂಗ್ ಯು’, ‘ಹಿಯರಿಂಗ್ ಫ್ರಮ್ ಯು’. ‘ಫ್ರಮ್’ ಬಿಟ್ಟರೆ ನಷ್ಟ ಏನು?

ಉತ್ತರ: ‘ಫ್ರಮ್’ ಬಿಟ್ಟರೆ ನಿಮ್ಮ ಧ್ವನಿಯನ್ನು ಕೇಳುವುದು ಎಂದಾಗುತ್ತದೆ. ಹಾಡುವವರಿಗೆ, ಭಾಷಣ ಮಾಡುವವರಿಗೆ ಬರೆಯುವಾಗ ಅದೇ ಸರಿ. ‘ಫ್ರಮ್’ ಇದ್ದರೆ ನಿಮ್ಮಿಂದ ಸುದ್ದಿ ಬರುವುದು. ‘ಹಿಯರಿಂಗ್ ಅಬೌಟ್ ಯು’ ಎಂದರೆ ನಿಮ್ಮ ಬಗ್ಗೆ ಬೇರೆಯವರಿಂದ ಕೇಳುವುದು. ಅರ್ಜಿಯಲ್ಲಿ ಅದನ್ನು ಬರೆದರೆ ತಮಾಷೆಯಾಗುತ್ತದೆ.

ಪ್ರಶ್ನೆ: ಪುಸ್ತಕದ ಮೊದಲಿಗೆ ಬರುವ ‘ಫೋರ್‌ವರ್ಡ್’, ಈ ‘ಫಾರ್ವರ್ಡ್’ ಎರಡೂ ಒಂದೇ ಸ್ಪೆಲಿಂಗೇ? ನನ್ನ ಕವನ ಸಂಕಲನ ಅಚ್ಚಿಗೆ ಹೋಗುತ್ತಿದೆ.

ಉತ್ತರ: ಒಂದೇ ಅಲ್ಲ. ಪುಸ್ತಕದ್ದು ಎಫ್, ಓ, ಆರ್, ಇ ಎಂದು ಶುರುವಾಗಿ, ಮುಂದೆ ‘ವರ್ಡ್’, ಅಂದರೆ ನುಡಿ, ಎಂಬ ಪದ ಸೇರುತ್ತದೆ. ಮುಂದಿನ ನುಡಿ, ಮುನ್ನುಡಿ. ನಮ್ಮ ಪದವನ್ನು ಬಿಡಿಸಿದರೂ ಅದೇ ಸಿಕ್ಕುತ್ತದೆ, ಹಾಗಾಗಿ ಮರೆಯುವುದು ಕಷ್ಟ. ಪತ್ರದ ಸಾಲಿನಲ್ಲಿ ಬರುವುದು ಎಫ್, ಓ, ಆರ್, ಆಮೇಲೆ ಡಬ್ಲ್ಯು, ಎ, ಆರ್, ಡಿ. ಅದಕ್ಕೆ ಕೊನೆಯಲ್ಲಿ ‘ಎಸ್’ ಕೂಡ ಬೇಡ. ನಿಮ್ಮ ಸಂಕಲನ ಕನ್ನಡದ್ದೇ ಆಗಿದ್ದರೆ ‘ಮುನ್ನುಡಿ’ ಎಂದೇ ಅಚ್ಚು ಹಾಕಿಸಿ. ಪುಸ್ತಕ ಬಂದಮೇಲೆ ನನಗೂ ಒಂದು ಪ್ರತಿ ಕಳಿಸಿ, ಎದುರುನೋಡುತ್ತಿರುತ್ತೇನೆ.